ಟೋಪಿ ಬದಲಾಯ್ತು, ಏಟು ತಿನ್ನೋರು ಬದಲಾಗಲಿಲ್ಲ

2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಪೇದೆಗಳ ತಲೆಯ ಮೇಲಿದ್ದ ಟೋಪಿ ಬದಲಾಯಿತು. ಒಂದು ಮಗ್ಗುಲು ಮಡಚಿದ್ದ ಹಳೇ ಸ್ಲೋಚ್ ಹ್ಯಾಟ್ ಹೋಗಿ, ಕಡುನೀಲಿ ಪೀಕ್ ಕ್ಯಾಪ್ ಬಂತು. ಮುಖ್ಯಮಂತ್ರಿಗಳೇ ಕೈಯಾರೆ ಹಂಚಿದರು. ಪತ್ರಿಕೆಗಳು ಫೋಟೋ ಹಾಕಿದವು. ಪೇದೆಗಳಿಗೆ ಖುಷಿಯಾಯಿತು, ಆಗಲಿ. ಬಿಸಿಲಿನಲ್ಲಿ, ಓಡುವಾಗ, ತಳ್ಳಾಟದಲ್ಲಿ ಜಾರಿ ಬೀಳುತ್ತಿದ್ದ ಆ ಹ್ಯಾಟಿನಿಂದ ಅವರು ಪಟ್ಟ ಪಾಡು ಅವರಿಗೇ ಗೊತ್ತು. ಅವರನ್ನು ನೋಡಿ ನಗುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ.

ಆದರೆ ಗೆಳೆಯರೆ, ಒಂದು ಮಾತು ಕೇಳಬೇಕು. ಪೊಲೀಸ್ ವ್ಯವಸ್ಥೆ ಬದಲಾಗಬೇಕು ಅಂತ ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 2006ರ ಸೆಪ್ಟೆಂಬರ್ 22ಕ್ಕೆ. ಏಳು ನಿರ್ದೇಶನಗಳು. ಅಲ್ಲಿಂದ ಟೋಪಿ ಬದಲಾಗುವ ಹೊತ್ತಿಗೆ ಹತ್ತೊಂಬತ್ತು ವರ್ಷ. ಈ ಹತ್ತೊಂಬತ್ತು ವರ್ಷದಲ್ಲಿ ಆ ಏಳು ನಿರ್ದೇಶನಗಳಿಗಾಗಿ ಬೀದಿಗಿಳಿದವರು ಯಾರು? ಕಾವೇರಿಗೆ ಇಳಿದಿದ್ದೇವೆ. ಮೀಸಲಾತಿಗೆ ಇಳಿದಿದ್ದೇವೆ. ಭಾಷೆಗೆ, ದೇವರಿಗೆ, ಸಿನಿಮಾ ನಟನಿಗೆ ಇಳಿದಿದ್ದೇವೆ. ಠಾಣೆಯೊಳಗೆ ಹೋದ ಮನುಷ್ಯ ನೆಟ್ಟಗೆ ನಡೆದುಕೊಂಡು ಹೊರಗೆ ಬರಬೇಕು ಅನ್ನುವುದಕ್ಕೆ ಯಾಕೆ ಇಳಿಯಲಿಲ್ಲ?

ಇದಕ್ಕೆ ಉತ್ತರ ನನಗೆ ಪುಸ್ತಕದಲ್ಲಿ ಸಿಗಲಿಲ್ಲ. ಮೈಸೂರಿನ ಮೂರು ಬೀದಿಗಳಲ್ಲಿ ಸಿಕ್ಕಿತು.

ನಾನು ನಂಜನಗೂಡು ಸೀಮೆಯ ಹಳ್ಳಿಯವನು, ಮೇಷ್ಟರ ಕೆಲಸ. ಇಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮೂರು ಭಾನುವಾರ ಒಂದು ಮನವಿಗೆ ಸಹಿ ಹಾಕಿಸಲು ಅಲೆದೆ. ಮನವಿಯಲ್ಲಿ ಇದ್ದದ್ದು ನಾಲ್ಕೇ ಮಾತು. ಒಂದು, 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ ಪ್ರತಿ ಠಾಣೆಯ ಬಾಗಿಲು, ಲಾಕಪ್ಪು, ಓಣಿ, ಎಲ್ಲ ಕಡೆ ಕ್ಯಾಮೆರಾ ಇರಬೇಕು, ಅದು ಕೆಲಸ ಮಾಡಬೇಕು. ಎರಡು, ಪೊಲೀಸರ ಮೇಲೆ ದೂರು ಕೊಡಲು ಇರುವ ಪ್ರಾಧಿಕಾರದ ವಿಳಾಸವನ್ನು ಪ್ರತಿ ಠಾಣೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು. ಮೂರು, ಬಂಧನ ಮಾಡುವಾಗ ಪಾಲಿಸಬೇಕಾದ 1996ರ ಡಿ.ಕೆ. ಬಸು ತೀರ್ಪಿನ ನಿಯಮಗಳನ್ನು ಅದರ ಪಕ್ಕದಲ್ಲೇ ಬರೆಸಬೇಕು. ನಾಲ್ಕು, ಲಾಕಪ್ಪಿನಲ್ಲಿ ಹೊಡೆದವನ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಅಪ್ಪಣೆ ಬೇಕು ಅನ್ನುವ ರಕ್ಷಣೆಯನ್ನು ತೆಗೆಯಬೇಕು. ಇಷ್ಟೇ. ಕ್ರಾಂತಿಯೇನೂ ಅಲ್ಲ.

ಮೊದಲನೆಯ ಭಾನುವಾರ ಚಾಮರಾಜಪುರಂ. ಹಳೇ ಮೈಸೂರಿನ ಮರ್ಯಾದಸ್ಥ ಬಡಾವಣೆ. ಜಗಲಿ, ರಂಗೋಲಿ, ಗೇಟಿನ ಮೇಲೆ ಹೆಸರು, ಹೆಸರಿನ ಕೆಳಗೆ ನಿವೃತ್ತ ಅಂತ ಒಂದು ಹುದ್ದೆ. ಹಿರಿಯರೊಬ್ಬರು ಒಳಗೆ ಕರೆದು ಕೂರಿಸಿದರು. ಕಾಫಿ ಕೊಟ್ಟರು. ಮನವಿಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಬರವಣಿಗೆ ಚೆನ್ನಾಗಿದೆ ಮೇಷ್ಟ್ರೆ. ಆದರೆ ನಮಗೆ ಪೊಲೀಸರಿಂದ ಏನೂ ತೊಂದರೆ ಇಲ್ಲವಲ್ಲ! ಮೊಮ್ಮಗಳ ಪಾಸ್‌ಪೋರ್ಟಿಗೆ ವಿಚಾರಣೆಗೆ ಬಂದಿದ್ದವನು ಎಷ್ಟು ವಿನಯದಿಂದ ಮಾತಾಡಿದ ಗೊತ್ತಾ? ನೀವು ಅವರ ಕೈ ಕಟ್ಟಿಹಾಕೋಕೆ ಹೊರಟಿದ್ದೀರಿ. ಸರಗಳ್ಳರು ನಾಲ್ಕು ಬಿಗಿಯದೆ ಬಾಯಿ ಬಿಡ್ತಾರೇನ್ರೀ?"

ಸಹಿ ಹಾಕಲಿಲ್ಲ. ಅವರು ಕೆಟ್ಟವರಲ್ಲ. ಸುಳ್ಳೂ ಹೇಳಲಿಲ್ಲ. ಅವರು ಕಂಡ ಪೊಲೀಸು ಅಂಥವನೇ. ಗೇಟಿನ ಹೊರಗೆ ನಿಂತು ಬೆಲ್ ಒತ್ತುವವನು, 'ಸಾರ್' ಅನ್ನುವವನು.

ಚಾಮರಾಜನಗರದ ರೈಲಿನಲ್ಲಿ ಕೂತರೆ ಮೈಸೂರು ಬಿಟ್ಟ ಮೇಲೆ ಚಾಮರಾಜಪುರಂ, ಅದರ ಮುಂದಿನ ನಿಲ್ದಾಣವೇ ಅಶೋಕಪುರಂ. ನಮ್ಮ ಜನರ ಅಶೋಕಪುರಂ. ಎರಡನೆಯ ಭಾನುವಾರ ಅಲ್ಲಿಗೆ ಹೋದೆವು. ಇಲ್ಲಿ ಸಹಿ ತಾನಾಗಿ ಬರುತ್ತೆ ಅಂದುಕೊಂಡಿದ್ದೆ. ಬಾಗಿಲ ಮುಂದೆ ಕೂತು ಸೊಪ್ಪು ಬಿಡಿಸುತ್ತಿದ್ದ ತಾಯಿಯೊಬ್ಬಳು ಕೇಳಿದಳು:

"ಏನ್ ಬರ್ಕಂಡ್ ಬಂದಿದ್ದರಿ ಮೇಷ್ಟ್ರೆ? ಕ್ಯಾಮ್ರಾನಾ? ಕ್ಯಾಮ್ರಾ ಇಲ್ದಿರೋ ರೂಮ್ಗೆ ಕರ್ಕಂಡ್ ಒಯ್ತರೆ ಅಷ್ಟೆಯಾ. ನನ್ ಮಗನ್ನ ಮೂರ್ ದಿವ್ಸ ಮಡಿಕಂಡಿದ್ರು. ಯಾಕೆ ಅಂತ ಇವತ್ಗೂ ಗೊತ್ತಿಲ್ಲ ಕನಪ್ಪ. ನಮ್ಮೋನು ಒಬ್ಬ ಸಾಹೇಬ ಬಂದ್ರೆ ಸರೋಯ್ತದೆ. ಈ ಕಾಗ್ದದಲ್ಲಿ ಏನದೆ?"

ಯಾವ ಠಾಣೆ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅವಳ ಮಗ ಅದೇ ಬೀದಿಯಲ್ಲಿ ಬದುಕಬೇಕು.

ಮೂರನೆಯ ಭಾನುವಾರ ಉದಯಗಿರಿ. ಸ್ಕೂಟರ್ ರಿಪೇರಿ ಮಾಡುವ ಒಬ್ಬ ಸಾಬರು ಕೈ ಒರೆಸಿಕೊಂಡು ಕಾಗದ ಹಿಡಿದರು. ಪೂರಾ ಓದಿದರು. ಮತ್ತೆ ನನ್ನ ಕೈಗೇ ಕೊಟ್ಟರು. "ನೀವು ಬರ್ದಿರೋದೆಲ್ಲ ಸರಿ ಇದೆ ಸಾರ್. ಆದ್ರೆ ಸೈನ್ ಹಾಕಿದ್ರೆ ನನ್ ಹೆಸ್ರು, ಅಡ್ರೆಸ್ಸು ಅವರ ಕೈಗೇ ಹೋಗುತ್ತಲ್ಲ?"

ಬರುವ ದಾರಿಯಲ್ಲಿ ನನ್ನ ಜೊತೆಗಿದ್ದ ಹುಡುಗ ಅಂದ: "ಸಾರ್, ಇರೋದು ಒಂದೇ ಹಾಳೆ. ಮೂರ್ ಥರ ಓದ್ಕೊಂಡ್ರು."

ಹೌದು. ಚಾಮರಾಜಪುರಂ ಹೇಳಿತು, ಬೇಕಾಗಿಲ್ಲ. ಅಶೋಕಪುರಂ ಹೇಳಿತು, ಪ್ರಯೋಜನವಿಲ್ಲ. ಉದಯಗಿರಿ ಹೇಳಿತು, ಭಯ. ಮೂರು ವಾರದಲ್ಲಿ ಒಂದು ಹಾಳೆ ತುಂಬಲಿಲ್ಲ. ಯಾವ ಕೇರಿಯಲ್ಲಿ ಹುಟ್ಟಿದೆ ಅನ್ನುವುದರ ಮೇಲೆ ನಿನ್ನ ಕಣ್ಣಿಗೆ ಕಾಣುವ ಪೊಲೀಸು ಬೇರೆ. ಹಾಗಾಗಿ ನಿನಗೆ ಬೇಕಾದ ಸುಧಾರಣೆಯೂ ಬೇರೆ. ಒಬ್ಬರಿಗೆ ಇನ್ನೊಂದು ಬೀಟು ಬೇಕು. ಇನ್ನೊಬ್ಬರಿಗೆ ತಮ್ಮ ಜಾತಿಯ ಸಾಹೇಬ ಬೇಕು. ಮತ್ತೊಬ್ಬರಿಗೆ ತಮ್ಮ ಹೆಸರು ಯಾರ ಪುಸ್ತಕದಲ್ಲೂ ಇಲ್ಲದಿದ್ದರೆ ಸಾಕು. ಇಂಥ ಮೂರು ಆಸೆಗಳ ನಡುವೆ ಕಾನೂನು ಹಾಯಾಗಿ ನಿದ್ದೆ ಮಾಡುತ್ತದೆ.

ಚಾಮರಾಜಪುರಂ ಹುಟ್ಟಿನಿಂದಲೇ ಹೀಗಿತ್ತು ಅಂತ ಮಾತ್ರ ತಿಳಿಯಬೇಡಿ. ಅಲ್ಲೇ ಪಕ್ಕದಲ್ಲಿ ರಾಮಸ್ವಾಮಿ ವೃತ್ತ ಇದೆ. ದಿನಾ ಸಾವಿರಾರು ಜನ ಸುತ್ತಿಕೊಂಡು ಹೋಗುತ್ತಾರೆ. ಆ ರಾಮಸ್ವಾಮಿ ಯಾರು? 1947ರ ಸೆಪ್ಟೆಂಬರ್‌ನ ಮೈಸೂರು ಚಲೋ ಚಳವಳಿಯಲ್ಲಿ, ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದು ತಿಂಗಳಾಗುವ ಹೊತ್ತಿಗೆ, ಜವಾಬ್ದಾರಿ ಸರ್ಕಾರ ಕೊಡಿ ಎಂದು ಬೀದಿಗಿಳಿದು ಗುಂಡೇಟಿಗೆ ಬಲಿಯಾದ ಶಾಲಾ ಹುಡುಗ. ಆ ದಿನ ಮೈಸೂರಿನ ಮರ್ಯಾದಸ್ಥರ ಮನೆಗಳೂ ಸರ್ಕಾರದ ಬಂದೂಕನ್ನು ಶಪಿಸಿದ್ದವು. ಸತ್ತವನು ನಮ್ಮ ಹುಡುಗ ಅನ್ನಿಸಿತ್ತು. ಅದಕ್ಕೇ ಅವನ ಹೆಸರಿನಲ್ಲಿ ವೃತ್ತ ಬಂತು. ಬರಬೇಕಾದ್ದೇ.

ಸತ್ತವನು 'ನಮ್ಮವನು' ಅನ್ನಿಸಿದರೆ ಅವನು ಹುತಾತ್ಮ. ಅನ್ನಿಸದಿದ್ದರೆ 'ಅವನೇನೋ ಮಾಡಿರಬೇಕು ಬಿಡಿ'. ಬಂದೂಕು ಅದೇ, ಗುಂಡು ಅದೇ.

ಇನ್ನೂ ದೊಡ್ಡ ಉದಾಹರಣೆ ಬೇಕಾ? ತುರ್ತುಪರಿಸ್ಥಿತಿ. 1975ರಿಂದ 1977. ಈ ದೇಶದ ದೊಡ್ಡ ಮನುಷ್ಯರು, ವಕೀಲರು, ಪಾರ್ಲಿಮೆಂಟಿನ ಸದಸ್ಯರು ಜೈಲು ಕಂಡರು. ಬೆಂಗಳೂರಿನಲ್ಲಿ ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಹಿಡಿದು ಚಿತ್ರಹಿಂಸೆ ಕೊಟ್ಟರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಉಬ್ಬಸದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆಗ ಎಚ್ಚರವಾಯಿತು. ಜನತಾ ಸರ್ಕಾರ 1977ರಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ಮಾಡಿತು. 1981ರೊಳಗೆ ಆ ಆಯೋಗ ಎಂಟು ವರದಿ ಕೊಟ್ಟಿತು. ಒಳ್ಳೆಯ ವರದಿಗಳೇ. ಆದರೆ ಅಷ್ಟು ಹೊತ್ತಿಗೆ ದೊಡ್ಡ ಮನುಷ್ಯರೆಲ್ಲ ಜೈಲಿನಿಂದ ಮನೆಗೆ ಬಂದಾಗಿತ್ತು. ಕೆಲವರು ಮಂತ್ರಿಗಳೂ ಆಗಿದ್ದರು. ಲಾಠಿಯ ಹಿಡಿ ಅವರ ಕೈಗೇ ಬಂದಿತ್ತು. ವರದಿ ಕಪಾಟು ಸೇರಿತು. ಏಟು ತಿನ್ನುವುದು ಮತ್ತೆ ಹಳಬರ ಪಾಲಿಗೇ ಉಳಿಯಿತು.

ಇದು ಹಳೇ ಕತೆ ಅನ್ನುವವರಿಗೆ ಮೊನ್ನೆ ಮೊನ್ನೆಯದನ್ನೇ ಹೇಳುತ್ತೇನೆ. 2019ರ ಡಿಸೆಂಬರ್ 19, ಮಂಗಳೂರು. ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆಯ ದಿನ ಪೊಲೀಸರ ಗುಂಡಿಗೆ ಇಬ್ಬರು ಮುಸ್ಲಿಮರು ಸತ್ತರು. ನಮ್ಮ ಸ್ಟಾಫ್ ರೂಮಿನಲ್ಲಿ ಬಹಳ ಮಂದಿ ಅಂದದ್ದು: ಪೊಲೀಸರ ಮನೋಸ್ಥೈರ್ಯ ಕುಗ್ಗಿಸಬೇಡಿ. 2024ರ ಡಿಸೆಂಬರ್ 10, ಬೆಳಗಾವಿ. ಮೀಸಲಾತಿ ಕೇಳಲು ಬಂದ ಪಂಚಮಸಾಲಿ ಲಿಂಗಾಯತರ ಮೇಲೆ ಲಾಠಿ ಬಿತ್ತು. ಅದೇ ಬಾಯಿಗಳು ಅಂದದ್ದು: ಅಮಾನುಷ, ಅಧಿಕಾರಿಯನ್ನು ಸಸ್ಪೆಂಡ್ ಮಾಡಿ. 2025ರ ಫೆಬ್ರವರಿ 10ರ ರಾತ್ರಿ, ನಮ್ಮದೇ ಮೈಸೂರಿನ ಉದಯಗಿರಿ. ಒಂದು ಹೊಲಸು ಪೋಸ್ಟ್ ನೋಡಿ ಕೆರಳಿದ ಗುಂಪು ಠಾಣೆಯ ಮೇಲೆ ಕಲ್ಲು ತೂರಿತು. ಪೊಲೀಸರಿಗೆ ಪೆಟ್ಟಾಯಿತು. ಕಲ್ಲು ತೂರಿದ್ದು ತಪ್ಪು. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಮಾರನೆಯ ದಿನ ಬೆಳಗಾವಿಯ ಲಾಠಿಗೆ ಅತ್ತವರೇ 'ಗುಂಡು ಯಾಕೆ ಹಾರಿಸಲಿಲ್ಲ' ಅಂತ ಕೇಳಿದರು. ಬೆಳಗಾವಿಯಲ್ಲಿ ಏಟು ತಿಂದ ರೈತನ ಬೆನ್ನೂ ಬೆನ್ನೇ, ಅವನಿಗೂ ನೋವಾಗಿದೆ. ನಾನು ಕೇಳುವುದು ಇಷ್ಟೆ: ಬೆನ್ನು ಯಾವ ಜಾತಿಯದು ಅಂತ ನೋಡಿಕೊಂಡು ಲಾಠಿಯನ್ನು ನ್ಯಾಯ ಅನ್ಯಾಯ ಅಂತ ಕರೆಯುವುದಾದರೆ, ನಿಮಗೆ ಸಿಟ್ಟು ಬಂದಿರುವುದು ಲಾಠಿಯ ಮೇಲೆ ಹೇಗಾಗುತ್ತೆ ಸ್ವಾಮಿ?

ಇದಕ್ಕಿಂತ ಮಜದ ಒಂದು ಸಂಗತಿ ಇದೆ. 'ಪೊಲೀಸರು ಹಿಡಿದಿದ್ದಾರೆ ಅಂದಮೇಲೆ ಏನೋ ಇರಬೇಕು' ಅಂತ ಜೀವನವಿಡೀ ನಂಬಿಕೊಂಡ ಜನ ಒಂದೇ ಒಂದು ಕಾನೂನಿನ ವಿಚಾರದಲ್ಲಿ ಪೊಲೀಸರನ್ನು ನಂಬುವುದಿಲ್ಲ. ಅದು 1989ರ ದೌರ್ಜನ್ಯ ತಡೆ ಕಾಯ್ದೆ. ಅಲ್ಲಿ ಮಾತ್ರ ಎಫ್.ಐ.ಆರ್. ಎಂದರೆ ಸುಳ್ಳು ಕೇಸು, ಬಂಧನ ಎಂದರೆ ದುರುಪಯೋಗ, ಆರೋಪಿ ಎಂದರೆ ಅಮಾಯಕ! 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯ ಹಲ್ಲು ಕಿತ್ತಾಗ ಇವರು ಸಂತೋಷಪಟ್ಟರು. ಏಪ್ರಿಲ್ 2ರಂದು ದೇಶದ ದಲಿತರು ಬಂದ್ ಮಾಡಿದರು. ಆಗಸ್ಟ್‌ನಲ್ಲಿ ಪಾರ್ಲಿಮೆಂಟು ತಿದ್ದುಪಡಿ ತಂದು ಹಲ್ಲು ಮತ್ತೆ ಕಟ್ಟಿಸಿತು. ವಿಚಾರಣೆ ಇಲ್ಲದೆ ಬಂಧಿಸುವುದು ತಪ್ಪು ಅನ್ನುವ ಜ್ಞಾನೋದಯ ಮೇಲ್ಜಾತಿಗೆ ಆದದ್ದು ತನ್ನ ಮನೆ ಬಾಗಿಲಿಗೆ ಜೀಪು ಬರಬಹುದು ಅಂದಾಗ. ಸರ ಕದ್ದ ಅನುಮಾನದ ಮೇಲೆ ಕೊರಮ, ಕೊರಚರ ಹುಡುಗನನ್ನು ಎಳೆದೊಯ್ಯುವಾಗ ಆ ಜ್ಞಾನ ಎಲ್ಲಿತ್ತು?

ಇಲ್ಲಿಯವರೆಗೆ ಓದಿ ನಮ್ಮವರು ತಲೆದೂಗಿರುತ್ತೀರಿ. ಸ್ವಲ್ಪ ತಡೆಯಿರಿ. ಈಗ ನಮ್ಮ ಸರದಿ.

2019ರ ಡಿಸೆಂಬರ್ 6ರ ಬೆಳಿಗ್ಗೆ ಹೈದರಾಬಾದಿನ ಹತ್ತಿರ, ಪಶುವೈದ್ಯೆಯೊಬ್ಬಳ ಮೇಲೆ ಅತ್ಯಾಚಾರ ಮಾಡಿ ಕೊಂದ ಆರೋಪದ ನಾಲ್ವರನ್ನು ಪೊಲೀಸರು ಗುಂಡಿಟ್ಟು ಕೊಂದರು. ಸುದ್ದಿ ಬಂದಾಗ ಸ್ಟಾಫ್ ರೂಮಿನಲ್ಲಿ ನಾನೂ 'ಸರಿಯಾಯ್ತು' ಅಂದೆ. ನನ್ನ ಬಾಯಿಂದಲೇ ಬಂದ ಮಾತು. ಸತ್ತವರು ಲಾರಿ ಡ್ರೈವರು, ಕ್ಲೀನರು ಹುಡುಗರು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್‌ಕರ್ ಆಯೋಗ 2022ರಲ್ಲಿ ಏನು ಹೇಳಿತು ಗೊತ್ತೆ? ಪೊಲೀಸರು ಬೇಕೆಂದೇ ಸಾಯಿಸಲು ಗುಂಡು ಹಾರಿಸಿದ್ದಾರೆ. ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತ ವಯಸ್ಸಿನವರು. ಹತ್ತು ಜನ ಪೊಲೀಸರ ಮೇಲೆ ಕೊಲೆ ಮೊಕದ್ದಮೆ ನಡೆಯಬೇಕು. ಅವತ್ತು ನಾನು ಅಂದ 'ಸರಿಯಾಯ್ತು' ಈಗಲೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ, ಮಾಜಿ ಮುಖ್ಯಮಂತ್ರಿಯೊಬ್ಬರೇ ಹೈದರಾಬಾದಿನ ದಾರಿ ಹಿಡಿಯಿರಿ ಅಂದರು. 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಕೂಸನ್ನು ಕೊಂದ ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಸತ್ತ. ಬಿಹಾರದಿಂದ ಕೂಲಿಗೆ ಬಂದವನು. ಊರು ಕೊಂಡಾಡಿತು. ಆ ಕೂಸಿನ ಮನೆಯವರೂ ಬಡವರೇ, ದುಡಿದು ತಿನ್ನುವವರೇ. ಅವರ ಹೊಟ್ಟೆಯ ಬೆಂಕಿಯನ್ನು ಪ್ರಶ್ನಿಸುವ ಯೋಗ್ಯತೆ ನನಗಿಲ್ಲ. ಆದರೆ ಕೊಂಡಾಡಿದ ಊರನ್ನು ಕೇಳುತ್ತೇನೆ. ಆರೋಪಿ ಒಬ್ಬ ಶ್ರೀಮಂತನ, ಒಬ್ಬ ಶಾಸಕನ ಮಗನಾಗಿದ್ದರೆ ಸಂಜೆಯೊಳಗೆ ಗುಂಡು ಬೀಳುತ್ತಿತ್ತೇ? ಕೋರ್ಟಿಲ್ಲದೆ ಶಿಕ್ಷೆ ಕೊಡುವ ಅಧಿಕಾರವನ್ನು ಒಮ್ಮೆ ಪೊಲೀಸರ ಕೈಗೆ ಕೊಟ್ಟರೆ ಅದು ಯಾವತ್ತೂ ಕೇಳುವವರಿಲ್ಲದವನ ಎದೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಈ ದೇಶದಲ್ಲಿ ಕೇಳುವವರಿಲ್ಲದವರು ಯಾರು ಅಂತ ನಮಗೆ ಬೇರೆಯವರು ಹೇಳಿಕೊಡಬೇಕೇ?

ಇನ್ನೂ ಒಂದು. ನಮ್ಮ ಜಾತಿಯ ಇನ್ಸ್‌ಪೆಕ್ಟರ್ ವರ್ಗವಾಗಿ ಬಂದರೆ ನಾವೇನು ಮಾಡುತ್ತೇವೆ? ಹಾರ, ಶಾಲು, ಬಾಬಾಸಾಹೇಬರ ಫೋಟೋ. ಆಮೇಲೆ? ನಮ್ಮ ಹುಡುಗನನ್ನು ಬಿಡಿಸಿಕೊಡಿ ಅಂತ ಹೋಗುತ್ತೇವೆ. ಅದೇ ಲಾಕಪ್ಪಿನಲ್ಲಿ ಪಕ್ಕದಲ್ಲಿ ಕೂತ ಇನ್ನೊಬ್ಬನ ಹುಡುಗನ ಕಡೆ ತಿರುಗಿಯೂ ನೋಡುವುದಿಲ್ಲ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ದಲಿತ ಶಾಸಕರ ಮನೆಗೆ ಬೆಂಕಿ ಬಿತ್ತು. ಪೊಲೀಸರ ಗುಂಡಿಗೆ ಜನ ಸತ್ತರು. ಬೆಂಕಿ ಹಚ್ಚಿದ್ದು ಅಪರಾಧ. ಆದರೆ ಗುಂಡು ಹೇಗೆ ಹಾರಿತು, ಯಾರ ಆದೇಶದಿಂದ ಹಾರಿತು ಅಂತ ಕೇಳುವ ನಮ್ಮ ಹಳೇ ಅಭ್ಯಾಸವನ್ನು ನಮ್ಮಲ್ಲಿ ಕೆಲವರು ಅವತ್ತು ಮನೆಯಲ್ಲಿ ಬಿಟ್ಟು ಬಂದಿದ್ದರು. ಸುಟ್ಟದ್ದು ನಮ್ಮವನ ಮನೆ ಅಲ್ಲವೇ!

ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗದ ಮುಂದೆ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಮನವಿ ಇಟ್ಟಾಗ, ಸೈನ್ಯಕ್ಕೂ ಪೊಲೀಸಿಗೂ ನಮ್ಮ ಜನರನ್ನು ಅಡ್ಡಿಯಿಲ್ಲದೆ ಸೇರಿಸಿಕೊಳ್ಳಬೇಕು ಅಂತ ಕೇಳಿದರು. ಸವರ್ಣರ ಠಾಣೆಯಲ್ಲಿ ಅಸ್ಪೃಶ್ಯನ ದೂರು ಏನಾಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಆ ಬಾಗಿಲು ತೆರೆಯಿತು. ಇವತ್ತು ನಮ್ಮ ಮಕ್ಕಳು ಖಾಕಿ ಹಾಕಿದ್ದಾರೆ. ಬಹುಪಾಲು ಪೇದೆಗಳಾಗಿ. ಅವರ ಪಾಡು ಏನು? 2016ರ ಜೂನ್ 4ಕ್ಕೆ ಕರ್ನಾಟಕದ ಪೇದೆಗಳು ಸಾಮೂಹಿಕ ರಜೆ ಹಾಕಲು ಹೊರಟರು. ಅವರು ಕೇಳಿದ್ದು ಸಂಬಳ, ರಜೆ, ಸಾಹೇಬರ ಮನೆಯ ಚಾಕರಿಯಿಂದ ಬಿಡುಗಡೆ. ಸರ್ಕಾರ ಎಸ್ಮಾ ತೋರಿಸಿತು, ಮುಂದಾಳನ್ನು ಜೈಲಿಗೆ ಹಾಕಿತು. ಆ ದಿನ ಪೇದೆಯ ಪರವಾಗಿ ಚಾಮರಾಜಪುರಂ ಬರಲಿಲ್ಲ. ನಾವೂ ಹೋಗಲಿಲ್ಲ. ಬೆಳಿಗ್ಗೆ ಸಾಹೇಬರ ನಾಯಿ ತೊಳೆದವನು ಸಂಜೆ ನಮ್ಮ ಹುಡುಗನ ಮೇಲೆ ಕೈ ಎತ್ತುತ್ತಾನೆ. ಅವನಿಗೆ ಸಿಕ್ಕಿರುವ ಅಧಿಕಾರ ಅದೊಂದೇ. ಖಾಕಿಯೊಳಗೆ ನಮ್ಮವನು ಹೋದ. ಆದರೆ ಖಾಕಿಯ ಕಾನೂನು ನಮ್ಮದಾಗಲಿಲ್ಲ.

ಆ ಕಾನೂನು ಯಾವುದು? 1857ರ ದಂಗೆಯಾದ ಮೇಲೆ ಬ್ರಿಟಿಷರು 1861ರಲ್ಲಿ ಮಾಡಿದ ಪೊಲೀಸ್ ಕಾಯ್ದೆ ಜನರನ್ನು ಹದ್ದುಬಸ್ತಿನಲ್ಲಿಡಲು ಮಾಡಿದ್ದು. ನಮ್ಮ 1963ರ ಕರ್ನಾಟಕ ಪೊಲೀಸ್ ಕಾಯ್ದೆಗೆ ಆ ರಕ್ತ ಇದೆ. ಅದರ 170ನೇ ಕಲಮು ಏನು ಹೇಳುತ್ತದೆ ನೋಡಿ. ಕರ್ತವ್ಯದ ನೆಪದಲ್ಲಿ ಪೊಲೀಸ್ ಅಧಿಕಾರಿ ಮಾಡಿದ ಕೆಲಸಕ್ಕೆ ಸರ್ಕಾರದ ಮುಂಗಡ ಅಪ್ಪಣೆ ಇಲ್ಲದೆ ಮೊಕದ್ದಮೆ ನಡೆಸುವಂತಿಲ್ಲ. 2020ರಲ್ಲಿ ಬೆಂಗಳೂರಿನ ಪೊಲೀಸ್ ಅಧಿಕಾರಿಯೊಬ್ಬರ ಮೇಲಿದ್ದ ಹಲ್ಲೆಯ ದೂರು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದದ್ದು ಈ ಅಪ್ಪಣೆ ಇಲ್ಲ ಅನ್ನುವ ಕಾರಣಕ್ಕೆ. 2012ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಬಂದು, ರಾಜ್ಯಕ್ಕೂ ಜಿಲ್ಲೆಗೂ ಪೊಲೀಸ್ ದೂರು ಪ್ರಾಧಿಕಾರಗಳು ಆದವು. ಈ ಪತ್ರಿಕೆ ಓದುವ ಮೇಷ್ಟರುಗಳೇ, ನಿಮ್ಮ ಜಿಲ್ಲೆಯ ಪ್ರಾಧಿಕಾರ ಎಲ್ಲಿದೆ ಹೇಳಿ ನೋಡೋಣ. ನಾನು ಕೇಳಿದ ಇಪ್ಪತ್ತು ಜನ ಮೇಷ್ಟರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮೊದಲು ನನಗೂ ಗೊತ್ತಿರಲಿಲ್ಲ.

ಹಾಗಾದರೆ ಪೊಲೀಸೇ ಬೇಡವೇ? ಹಾಗೆನ್ನುವ ಐಷಾರಾಮ ನಮಗಿಲ್ಲ. ಅಶೋಕಪುರಂ ದಾಟಿದ ಅದೇ ರೈಲು ನಂಜನಗೂಡು ಬಿಟ್ಟು ಬದನವಾಳು ಮುಟ್ಟುತ್ತದೆ. ಗಾಂಧೀಜಿ ಬಂದು ಹೋದ ಖಾದಿಯ ಊರು. 1993ರ ಮಾರ್ಚ್‌ನಲ್ಲಿ, ದೇವಸ್ಥಾನದ ಪ್ರವೇಶದ ಜಗಳದ ಹಿನ್ನೆಲೆಯಲ್ಲಿ, ಅಲ್ಲಿ ಮೂವರು ದಲಿತರನ್ನು ಕೊಂದರು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಸಾಕ್ಷಿಗಳೆಲ್ಲ ತಿರುಗಿಬಿದ್ದು ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನಮಗೆ ಪೊಲೀಸು ಬೇಕು. ದೂರು ಬರೆದುಕೊಳ್ಳುವ, ಸಾಕ್ಷಿಯನ್ನು ಕಾಯುವ, ಜಮೀನ್ದಾರನ ಮನೆಯಲ್ಲಿ ಊಟ ಮಾಡದ ಪೊಲೀಸು ಬೇಕು. 2025ರಲ್ಲಿ ದಲಿತರ ಮೇಲಿನ ದೌರ್ಜನ್ಯಕ್ಕೆಂದೇ ರಾಜ್ಯದಲ್ಲಿ 33 ನಾಗರಿಕ ಹಕ್ಕು ಜಾರಿ ಠಾಣೆಗಳಾದವು. ಒಳ್ಳೆಯದು. ಆದರೆ ಆ ಠಾಣೆಗೂ ಅದೇ ನಿಯಮ ಬೇಕು, ಅದೇ ಕ್ಯಾಮೆರಾ ಬೇಕು. ಅಲ್ಲಿ ತಂದ ಗೌಡರ ಹುಡುಗನಿಗೂ ಏಟು ಬೀಳಬಾರದು. ಈ ಮಾತು ಹೇಳಲು ನನಗೆ ಕಷ್ಟವಾಗುತ್ತದೆ. ಆದರೂ ಹೇಳುತ್ತೇನೆ.

ಆ ರೈಲು ಕೊನೆಗೆ ನಿಲ್ಲುವುದು ಚಾಮರಾಜನಗರದಲ್ಲಿ. ಅಲ್ಲಿಂದಾಚೆ ಮಲೆ ಮಹದೇಶ್ವರನ ಬೆಟ್ಟ. ವೀರಪ್ಪನ್ ಬೇಟೆಯ ಕಾಲದಲ್ಲಿ ವಿಶೇಷ ಕಾರ್ಯಪಡೆ ಆ ಬೆಟ್ಟದಲ್ಲಿ ಇಟ್ಟುಕೊಂಡಿದ್ದ ಹಿಂಸೆಯ ಕೋಣೆಗೆ 'ವರ್ಕ್‌ಶಾಪ್' ಅಂತ ಹೆಸರು. ಸೋಲಿಗರನ್ನು, ಕಾಡಂಚಿನ ಬಡವರನ್ನು, ಹೆಂಗಸರನ್ನು ಅಲ್ಲಿಗೆ ಒಯ್ದರು. ನೂರಕ್ಕೂ ಹೆಚ್ಚು ಜನ ಟಾಡಾ ಕಾಯ್ದೆಯಡಿ ವರ್ಷಗಟ್ಟಲೆ ಮೈಸೂರಿನ ಜೈಲಿನಲ್ಲಿ ಕೊಳೆತರು. 2001ರಲ್ಲಿ ಮೈಸೂರಿನ ಟಾಡಾ ಕೋರ್ಟು ಅವರಲ್ಲಿ ಬಹುತೇಕರನ್ನು ನಿರಪರಾಧಿಗಳೆಂದು ಬಿಟ್ಟಿತು. ನ್ಯಾಯಮೂರ್ತಿ ಸದಾಶಿವ ಸಮಿತಿ ಊರೂರಿನ ಸಾಕ್ಷಿ ಕೇಳಿತು. 2007ರಲ್ಲಿ ಮಾನವ ಹಕ್ಕು ಆಯೋಗ 89 ಜನರಿಗೆ 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂದಿತು. ಪರಿಹಾರ ಅಂದರೆ ತಪ್ಪು ನಡೆದಿದೆ ಅಂತ ತಾನೆ? ಹಾಗಾದರೆ ತಪ್ಪು ಮಾಡಿದವರು ಎಲ್ಲಿ? ಅದನ್ನು ಚಾಮರಾಜಪುರಂ ಕೇಳಲಿಲ್ಲ, ಅವರಿಗೆ ಸೋಲಿಗ ಅಂದರೆ ಜೇನುತುಪ್ಪ ಮಾರುವವನು. ಅಶೋಕಪುರಂ ಕೂಡ ಗಟ್ಟಿಯಾಗಿ ಕೇಳಲಿಲ್ಲ. ನಮ್ಮ ಭಾಷಣಗಳಲ್ಲಿ ಸೋಲಿಗ ನಮ್ಮವನು. ಲಾಕಪ್ಪಿನಲ್ಲಿ ಅವನು ಒಬ್ಬನೇ.

ಸುಧಾರಣೆ ಯಾಕೆ ಬರಲಿಲ್ಲ ಅಂತ ಇನ್ನು ಕೇಳಬೇಡಿ. ಒಂದೊಂದು ಗುಂಪೂ ತನ್ನ ಬೆನ್ನಿಗೆ ರಿಯಾಯಿತಿ ಕೇಳಿತು. ಸರ್ಕಾರಕ್ಕೆ ಅದು ಬಹಳ ಸಲೀಸು. ರಿಯಾಯಿತಿ ಕೊಡುವುದಕ್ಕೆ ಒಂದು ಫೋನ್ ಸಾಕು, ಕಾನೂನು ಬದಲಾಯಿಸಬೇಕಾಗಿಲ್ಲ. ನಿಯಮ ಬೇಕಾದದ್ದು ಫೋನ್ ಮಾಡಿಸಲು ಯಾರೂ ಇಲ್ಲದವನಿಗೆ. ಅಂಥವರು ಈ ನಾಡಿನಲ್ಲಿ ಹೆಚ್ಚಿರುವುದು ನಮ್ಮ ಕೇರಿಗಳಲ್ಲಿ. ಆದ್ದರಿಂದ ಇದು ನಮ್ಮ ಚಳವಳಿಯ ಕೆಲಸ. ಬೇರೆಯವರು ಮಾಡಿಕೊಡುವುದಿಲ್ಲ. ಮಾಡಿಕೊಟ್ಟರೂ ಟೋಪಿ ಬದಲಾಯಿಸಿ ಕೊಡುತ್ತಾರೆ. ಟೋಪಿ ಹಾಕುವುದು ಅಂದರೆ ಕನ್ನಡದಲ್ಲಿ ಏನರ್ಥ ಅಂತ ನಿಮಗೆ ಗೊತ್ತೇ ಇದೆ.

ಕೆಲಸ ದೊಡ್ಡದಲ್ಲ. ಊರಿನ ಮೇಷ್ಟರುಗಳೇ, ಡಿ.ಕೆ. ಬಸು ತೀರ್ಪಿನ ನಿಯಮಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಶಾಲೆಯ ಗೋಡೆಗೆ ಅಂಟಿಸಿ. ಹಿಡಿದಾಗ ಬಂಧನದ ಚೀಟಿ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, ನಲವತ್ತೆಂಟು ಗಂಟೆಗೊಮ್ಮೆ ವೈದ್ಯರಿಗೆ ತೋರಿಸಬೇಕು. ಏಳನೆಯ ತರಗತಿಯ ಮಗುವಿಗೂ ಇದು ಅರ್ಥವಾಗುತ್ತದೆ. ವಿದ್ಯಾರ್ಥಿಗಳೇ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ನಿಮ್ಮ ಠಾಣೆಯಲ್ಲಿ ಎಷ್ಟು ಕ್ಯಾಮೆರಾ ಕೆಲಸ ಮಾಡುತ್ತಿವೆ, ಜಿಲ್ಲಾ ಪ್ರಾಧಿಕಾರಕ್ಕೆ ಎಷ್ಟು ದೂರು ಬಂದಿವೆ ಅಂತ ಕೇಳಿ. ಕಾರ್ಯಕರ್ತರೇ, ಮುಂದಿನ ಸಲ ನಮ್ಮ ಹುಡುಗನನ್ನು ಬಿಡಿಸಲು ಠಾಣೆಗೆ ಹೋದಾಗ ಪಕ್ಕದಲ್ಲಿ ಕೂತವನ ಹೆಸರನ್ನೂ ಕೇಳಿ. ಅವನು ಸಾಬರವನಿರಲಿ, ಗೌಡರವನಿರಲಿ, ಬಿಹಾರದವನಿರಲಿ. ಅವನ ಮನೆಗೂ ಒಂದು ಫೋನ್ ಮಾಡಿ.

ನಾಲ್ಕನೆಯ ಭಾನುವಾರ ನಾನು ಮತ್ತೆ ಅಶೋಕಪುರಂಗೆ ಹೋದೆ. ಅದೇ ತಾಯಿ ಬಾಗಿಲಲ್ಲಿದ್ದಳು. ಉದಯಗಿರಿಯ ಸಾಬರ ಮಾತು ಹೇಳಿದೆ. ಹೆಸರು ಅವರ ಕೈಗೆ ಹೋಗುತ್ತದೆ ಅಂತ ಹೆದರಿ ಸಹಿ ಹಾಕಲಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅವ್ರ ಮಕ್ಳನ್ನೂವೆ ಹಂಗೇ ಮಡಿಕತರಾ?"

"ಹೂ ಕನವ್ವ."

"ಕೊಡಿ ಇತ್ಲಾಗೆ" ಅಂದಳು. ಅವಳಿಗೆ ಸಹಿ ಬರುವುದಿಲ್ಲ. ಹೆಬ್ಬೆಟ್ಟು ಒತ್ತಿದಳು. ಆಮೇಲೆ ಆ ಮಸಿ ಬೆರಳನ್ನು ನೋಡಿಕೊಂಡು ಕೇಳಿದಳು: "ಆ ಕಾಫಿ ಕೊಟ್ಟರಲ್ಲ ಅಯ್ನೋರು, ಅವ್ರತ್ರಕ್ಕೆ ಇನ್ನೊಂದ್ ಸಲ ವೋಗಿ ಮೇಷ್ಟ್ರೆ. ಈ ಬೆಳ್ಳಿನ ಗುರ್ತ ತೋರ್ಸಿ ಕೇಳಿ, ಏನಂದರು ನೋಡವ."

ಮುಂದಿನ ಭಾನುವಾರ ಚಾಮರಾಜಪುರಂಗೆ ಹೋಗುತ್ತಿದ್ದೇನೆ. ಬರುವವರು ಬನ್ನಿ.